ಒಬ್ಬರೂ ಖಾಲಿ ಕೂತಿಲ್ಲ

"ಮಾನ್ಯತೆ ಪ್ರಕ್ರಿಯೆಯಲ್ಲಿದೆ, ಮೇಡಂ."

ಮೂರು ದಿನದಲ್ಲಿ ಇದು ಮೂರನೇ ಫೋನು. ಉತ್ತರ ಮಾತ್ರ ಒಂದೇ. ವಾರ್ಡಿನ ಆಯಾ ಕಾಲಿನಿಂದಲೇ ಬಾಗಿಲು ತಳ್ಳಿ ಮುಚ್ಚಿದಳು. ಹಾಸಿಗೆ ಬಟ್ಟೆ ಮಡಿಸಿಡುವ ಆ ಪುಟ್ಟ ಕೋಣೆ ಬಿಟ್ಟರೆ ಇಡೀ ಆಸ್ಪತ್ರೆಯಲ್ಲಿ ಗುಟ್ಟು ಮಾತಾಡಲು ಬೇರೆ ಜಾಗವಿರಲಿಲ್ಲ.

"ಯಾವಾಗಿನಿಂದ ಪ್ರಕ್ರಿಯೆಯಲ್ಲಿದೆ?"

"ನಾನು ಇಲ್ಲಿಗೆ ಬಂದಾಗಿನಿಂದ."

"ಅಲ್ಲಾ ಮೇಡಂ, ನಿಮ್ಮ ಆನ್‌ಲೈನ್ ಕಾಲೇಜಲ್ಲಿ ಓದಿ, ಪಾಸಾಗಿ, ಆಮೇಲೆ ಕೆಲಸ ಸಿಗಲಿಲ್ಲ ಅಂದ್ರೆ?"

"ನಮ್ಮಲ್ಲಿ ಪಾಸಾದವರು ಒಬ್ಬರೂ ಖಾಲಿ ಕೂತಿಲ್ಲ. ಕಣ್ಣಾರೆ ನೋಡಿ ಹೇಳ್ತಿದೀನಿ. ಈ ಫೋನು ರೆಕಾರ್ಡ್ ಆಗ್ತಿದೆ, ಅದಕ್ಕಿಂತ ಹೆಚ್ಚು ಏನು ಹೇಳಲಿ?"

ಹೆಚ್ಚು ಹೇಳಬೇಕಾಗಿಯೂ ಇರಲಿಲ್ಲ. ಆಯಾಳ ಮನಸ್ಸು ಆಗಲೇ ಮುಕ್ಕಾಲು ಪಾಲು ಒಪ್ಪಿಬಿಟ್ಟಿತ್ತು.

ಎಂಟು ವರ್ಷ ಅವಳು ಹಾಸು ಬದಲಿಸಿದ್ದಳು, ಬೆಡ್‌ಪ್ಯಾನ್ ತೊಳೆದಿದ್ದಳು, ರೋಗಿಗಳ ಬೈಗುಳ ನುಂಗಿದ್ದಳು. ಕಳೆದ ತಿಂಗಳು ವಾರ್ಡಿನ ದೊಡ್ಡ ಸಿಸ್ಟರ್ ಕರೆದು ಹೇಳಿದ್ದರು: "ನರ್ಸಿಂಗ್ ಪದವಿ ಮಾಡ್ಕೊಂಡು ಬಾ, ನನ್ನ ವಾರ್ಡಿಗೇ ತಗೋತೀನಿ. ಆದ್ರೆ ನೋಡು, ಕಾಲೇಜು ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲಿರಬೇಕು. ಇಲ್ಲಾಂದ್ರೆ ನಿನ್ನ ಹೆಸರು ನೋಂದಾಯಿಸಲ್ಲ. ನೋಂದಣಿ ಇಲ್ಲದೆ ಸೂಜಿ ಮುಟ್ಟೋ ಹಾಗಿಲ್ಲ."

ಪಟ್ಟಿಯಲ್ಲಿದ್ದ ಆನ್‌ಲೈನ್ ಕಾಲೇಜೂ ಒಂದಿತ್ತು. ಅದು ನಾಲ್ಕು ವರ್ಷದ್ದು. ಮೊದಲು ಪ್ರವೇಶ ಪರೀಕ್ಷೆ, ಆಮೇಲೆ ವಾರಕ್ಕೆರಡು ದಿನ ಅವರು ಹೇಳಿದ ಆಸ್ಪತ್ರೆಯಲ್ಲಿ ತರಬೇತಿ. ಫೋನ್ ಮಾಡಿದರೆ ಯಂತ್ರ ಮಾತಾಡುತ್ತಿತ್ತು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಸತಾಯಿಸಿ ಕೊನೆಗೆ ತಾನೇ ಕಟ್ಟಾಗುತ್ತಿತ್ತು. ಈ ಕಾಲೇಜಿನದು ಎರಡೇ ವರ್ಷ. ಪರೀಕ್ಷೆಯಿಲ್ಲ, ಪಾಠವೆಲ್ಲ ಮೊಬೈಲಿನಲ್ಲೇ, ಫೋನಿಗೆ ಸಿಗುವುದು ಜೀವಂತ ಮನುಷ್ಯರು. ಪಟ್ಟಿಯಲ್ಲಿದ್ದ ಕಾಲೇಜಿನ ಅರ್ಜಿಗೆ ಇವತ್ತು ಸಂಜೆ ಐದು ಗಂಟೆಯೇ ಕೊನೆ. ಇಲ್ಲಿ ಮೂರು ದಿನದಿಂದ ದಿನಾಲೂ ಇವತ್ತೇ ಕೊನೆ.

ಅವಳನ್ನು ಗೆದ್ದದ್ದು ಮಾತ್ರ ನಿನ್ನೆಯ ಫೋನು. ಮಾತಿನ ನಡುವೆ ಆ ಕಡೆ ಯಾರೋ "ಅಯ್ಯೋ, ಮೂಗಲ್ಲಿ ರಕ್ತ!" ಎಂದಿದ್ದರು. ಕುರ್ಚಿಗಳು ಸರಿದವು. ಕೂಗಾಟವಿಲ್ಲ, ಗಡಿಬಿಡಿಯಿಲ್ಲ. "ತಲೆ ಹಿಂದಕ್ಕೆ ಬೇಡ, ಮುಂದಕ್ಕೆ ಬಾಗು," ಎಂದಿತು ಒಂದು ದನಿ. "ಮೂಗು ಒತ್ತಿ ಹಿಡಿ, ಬಾಯಲ್ಲಿ ಉಸಿರಾಡು," ಎಂದಿತು ಇನ್ನೊಂದು. "ಟೈಮ್ ನಾನು ನೋಡ್ತೀನಿ," ಎಂದಿತು ಮತ್ತೊಂದು. ಫೋನಿನ ಹೆಂಗಸು ಏನೂ ಆಗಿಲ್ಲವೆಂಬಂತೆ ಆಯಾಳ ನಂಬರು ಬರೆದುಕೊಂಡಳು. ಒಂದೊಂದೇ ಅಂಕಿಯನ್ನು ತಿರುಗಿ ಹೇಳಿ ಸರಿಯೇ ಎಂದು ಕೇಳಿದಳು; ಗಂಟೆ, ನಿಮಿಷವನ್ನೂ ಬಾಯಲ್ಲಿ ಹೇಳಿಕೊಂಡೇ ಪಕ್ಕದಲ್ಲಿ ಹಾಕಿಕೊಂಡಳು. ಡಾಕ್ಟರು ಫೋನಿನಲ್ಲಿ ಔಷಧಿ ಹೇಳಿದಾಗ ದೊಡ್ಡ ಸಿಸ್ಟರ್ ಬರೆದುಕೊಳ್ಳುವುದೂ ಹಾಗೆಯೇ.

"ಫೋನ್ ಎತ್ತೋರಿಗೇ ಇಷ್ಟು ಗೊತ್ತು ಅಂದ್ರೆ, ಪಾಠ ಹೇಳೋರಿಗೆ ಎಷ್ಟು ಗೊತ್ತಿರಬೇಡ ಅತ್ತೆ!" ಎಂದಿದ್ದಳು ಆಯಾ ಬೆಳಗ್ಗೆ ಮನೆಯಲ್ಲಿ.

ಅತ್ತೆ ದರ್ಜಿ. ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಹಾಗಾದ್ರೆ ಆ ಫೋನಿನವಳಿಗೇ ಸೊಸೆಯಾಗಿ ಹೋಗು."

"ತಮಾಷೆ ಬೇಡ ಅತ್ತೆ. ಎರಡು ವರ್ಷ ಎಲ್ಲಿ, ನಾಲ್ಕು ವರ್ಷ ಎಲ್ಲಿ? ನನಗೇನು ವಯಸ್ಸು ನಿಂತಿರುತ್ತಾ?"

"ಅಲ್ವೇ, ನನ್ನ ಹತ್ತಿರ ಬಟ್ಟೆ ಕೊಡೋರು ನನ್ನ ಮಾತು ಕೇಳಿ ಕೊಡ್ತಾರಾ? ನಾನು ಹೊಲಿದದ್ದನ್ನ ಹಾಕ್ಕೊಂಡು ಓಡಾಡೋರನ್ನ ಕೇಳಿ, ಕಂಕುಳಲ್ಲಿ ಬಿಗಿಯುತ್ತಾ ಅಂತ ವಿಚಾರಿಸಿ, ಆಮೇಲೆ ಬರ್ತಾರೆ. ಅಲ್ಲಿ ಓದಿ ಪಾಸಾದವಳು ಒಬ್ಬಳ ಹತ್ತಿರ ಮಾತಾಡಿಸಿ ಅನ್ನು ಅವರಿಗೆ. ಒಬ್ಬಳು ಸಾಕು ನನಗೆ."

ಅತ್ತೆಯ ಬಾಯಿ ಮುಚ್ಚಿಸಲೆಂದೇ ಆಯಾ ಈಗ ಅದನ್ನು ಕೇಳಿದಳು. "ಮೇಡಂ, ಒಂದು ಉಪಕಾರ. ನಿಮ್ಮಲ್ಲಿ ಪಾಸಾದವರು ಯಾರಾದ್ರೂ ಒಬ್ಬರ ನಂಬರ್ ಕೊಡ್ತೀರಾ?"

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಬರ್ಕೊಳ್ಳಿ," ಎಂದಿತು ದನಿ, ತಗ್ಗಿ. ನಂಬರು ಹೇಳಿ, ತಿರುಗಿ ಹೇಳಿಸಿತು. "ಸರಿಯಾಗಿ ಒಂದು ಗಂಟೆಗೆ ಮಾಡಿ. ಊಟಕ್ಕೆ ಅರ್ಧ ಗಂಟೆ ಬಿಡ್ತಾರೆ, ಮಿಕ್ಕ ಹೊತ್ತು ಅವರಿಗೆ ಪುರುಸೊತ್ತಿರಲ್ಲ. ಮೇಡಂ, ಅವರ ಹತ್ತಿರ ಮಾತಾಡಿದ ಮೇಲೇ ಫಾರಂ ಕಳಿಸಿ."

ಆಯಾ ಹಿಗ್ಗಿದಳು. ಊಟಕ್ಕೆ ಅರ್ಧವೇ ಗಂಟೆಯೆಂದರೆ ಯಾವುದೋ ದೊಡ್ಡ ಆಸ್ಪತ್ರೆಯೇ ಇರಬೇಕು. ಮೊಬೈಲಿನಲ್ಲಿ ಈ ಕಾಲೇಜಿನ ಫಾರಂ ತುಂಬಿ ಮುಗಿದಿತ್ತು. 'ಕಳಿಸಿ' ಎಂಬ ಹಸಿರು ಗುಂಡಿಯೊಂದು ಬಾಕಿ. ದೊಡ್ಡ ಸಿಸ್ಟರಿಗೆ ಏನು ಹೇಳಬೇಕೆಂದು ಹಾಸು ಮಡಿಸುತ್ತಲೇ ಅಭ್ಯಾಸ ಮಾಡಿಕೊಂಡಳು. ಅತ್ತೆಗೆ ಹೇಳಬೇಕಾದದ್ದನ್ನು ಎರಡು ಸಲ ಅಭ್ಯಾಸ ಮಾಡಿಕೊಂಡಳು.

ಒಂದು ಗಂಟೆಗೆ ಹಿಂದಿನ ಮೆಟ್ಟಿಲ ಮೇಲೆ, ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಒಂದೇ ರಿಂಗಿಗೆ ಫೋನು ಎತ್ತಿದರು. ಅಲ್ಲೂ ಮೆಟ್ಟಿಲೇ ಇರಬೇಕು, ದನಿ ಗುಂಯ್ಗುಟ್ಟುತ್ತಿತ್ತು.

"ನಮಸ್ಕಾರ ಸಿಸ್ಟರ್, ಊಟದ ಹೊತ್ತಲ್ಲಿ ತೊಂದರೆ ಕೊಟ್ಟೆ. ಕಾಲೇಜಿನ ಮೇಡಂ ನಿಮ್ಮ ನಂಬರ್ ಕೊಟ್ರು. ತಾವು ಯಾವ ಆಸ್ಪತ್ರೆ, ಯಾವ ವಾರ್ಡಿನಲ್ಲಿದ್ದೀರಿ?"

"ವಾರ್ಡ್ ಎಲ್ಲಿಂದ ಬರಬೇಕು ಮೇಡಂ, ಬೆಳಗ್ಗೆ ನಿಮ್ಮ ಫೋನ್ ಎತ್ತಿದವಳೇ ನಾನು," ಎಂದಿತು ಆ ದನಿ. "ಇಲ್ಲಿ ಫೋನ್ ಎತ್ತೋ ಹದಿನಾಲ್ಕು ಜನವೂ ಇದೇ ಕಾಲೇಜಲ್ಲಿ ಪಾಸಾದ ನರ್ಸುಗಳೇ, ಒಬ್ಬರೂ ಖಾಲಿ ಕೂತಿಲ್ಲ."