ಹರಳೆಣ್ಣೆ ಕುಡಿದ ತಂತಿ

"ಅಪ್ಪಾ, ತಂತಿಗೆ ಏನ್ ಹಚ್ಚೀ?"

ಕೀರ್ತನಾ ತನ್ನ ಬೇಸ್ ಗಿಟಾರಿನ ನಾಲ್ಕೂ ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿದ್ದಳು. ನಿನ್ನೆ ಬೆಳಿಗ್ಗೆ ಹಾಕಿದಾಗ ಕಂಚಿನ ತಟ್ಟೆ ಬಿದ್ದಂತೆ ಠಣ್ ಎನ್ನುತ್ತಿದ್ದ ಹೊಸ ತಂತಿಗಳು ಈಗ ಧಪ್ ಧಪ್ ಎನ್ನುತ್ತಿದ್ದವು. ಬೆರಳಿಗೆ ಜಿಡ್ಡು ಅಂಟಿತು. ಮೂಸಿದಳು. ಬೇರೆ ಸಾಕ್ಷಿ ಬೇಕಿರಲಿಲ್ಲ.

"ಹರಳೆಣ್ಣಿ," ಎಂದ ಮೈಲಪ್ಪ, ದೊಡ್ಡ ಉಪಕಾರ ಮಾಡಿದವನ ಗತ್ತಿನಲ್ಲೇ. "ನಿನ್ನಿ ನೀ ಕಾಲೇಜಿಗೆ ಹೋದಾಗ ಹಚ್ಚಿದೆ. ಹೊಸಾ ತಂತಿ ಭಾಳ ಗರಗರ ಅಂತಿದ್ವು, ಮೀಟಿ ಮೀಟಿ ನಿನ್ನ ಬಟ್ಟು ಕೆಂಪಗಾಗಿದ್ವು. ಎಣ್ಣಿ ಕುಡದ್ರ ಹದಕ್ಕ ಬರ್ತಾವ. ದನೀನೂ ದುಂಡಗ ಆಕ್ಕತಿ."

ಚಿಗಟೇರಿಯ ಮೈಲಪ್ಪ ಮೂವತ್ತು ವರ್ಷದಿಂದ ಡೊಳ್ಳು ಬಾರಿಸುತ್ತಿರುವವನು. ಡೊಳ್ಳಿನ ಚರ್ಮ ಬಿರುಸಾದರೆ ಹರಳೆಣ್ಣೆ ತಿಕ್ಕುವುದು ಅವನಿಗೆ ಕೂಸಿನ ನೆತ್ತಿಗೆ ಎಣ್ಣೆ ಒತ್ತಿದಷ್ಟೇ ಸಹಜ. ಚರ್ಮಕ್ಕೆ ಒಳ್ಳೆಯದಾದದ್ದು ಉಕ್ಕಿಗೆ ಯಾಕೆ ಕೆಟ್ಟದ್ದಾದೀತು ಎಂದು ಅವನಿಗೆ ಹೊಳೆದೇ ಇರಲಿಲ್ಲ.

ಆದರೆ ಅವತ್ತೇ ಮಧ್ಯಾಹ್ನ ಹನ್ನೆರಡಕ್ಕೆ ಹರಪನಹಳ್ಳಿಯಲ್ಲಿ ವಾದ್ಯತಂಡ ಸೇರಲು ಕೀರ್ತನಾಳ ಪರೀಕ್ಷೆ. ಆರ್ಕೆಸ್ಟ್ರಾ ನಡೆಸುವ ಕ್ರಾಂತಿಕುಮಾರ್ ಹೋದ ತಿಂಗಳು ಒಮ್ಮೆ ಕೇಳಿ, "ಈ ನುಣುಪು ತಂತಿ ಬ್ಯಾಡ ತಂಗಿ, ನಿನ್ನ ನಾದ ಎಲ್ಲಾರ ಕೆಳಗ ಮುಚ್ಚಿ ಹೋಕ್ಕತಿ. ಠಣ್ ಅನ್ನೋ ತಂತಿ ಹಾಕ್ಕೊಂಡ್ ಬಾ. ಆಗ್ಲಿಲ್ಲ ಅಂದ್ರ ದಾವಣಗೆರಿ ಹುಡುಗನ್ನ ಕರಿಸ್ತೀನಿ" ಎಂದಿದ್ದರು. ವಾರಗಟ್ಟಲೆ ಮೊಬೈಲಿಗೆ ಕಿವಿಗೊಟ್ಟು, ಹತ್ತಾರು ತಂತಿಗಳ ದನಿ ಹೋಲಿಸಿ, ಇವನ್ನೇ ಆರಿಸಿ ಅವಳು ಬೆಂಗಳೂರಿನಿಂದ ತರಿಸಿಕೊಂಡಿದ್ದಳು. ಹಳೆಯವನ್ನು ಇಕ್ಕಳದಲ್ಲಿ ಕತ್ತರಿಸಿ ತೆಗೆದಾಗಿತ್ತು. ಈ ಕಡೆಯ ಅಂಗಡಿಗಳಲ್ಲಿ ಅಂಥವು ಹುಡುಕಿದರೂ ಸಿಗುವುದಿಲ್ಲ.

"ಇದು ಡೊಳ್ಳಲ್ಲಪ್ಪಾ!" ಕೀರ್ತನಾ ಕಿರುಚಿದಳು. "ಗೊತ್ತಿಲ್ಲದ್ರಾಗ ಯಾಕ್ ಕೈ ಹಾಕ್ತಿ? ಇವತ್ತು ಅವ್ರು ನನ್ನ ಬ್ಯಾಡ ಅಂದ್ರ ಅದು ನಿನ್ನಿಂದನ!"

ಊರೆಲ್ಲ ನೋಡುವಂತೆ ಡೊಳ್ಳು ಹೊತ್ತು ಕುಣಿಯುವ ಆಸಾಮಿ ಮಗಳ ಮುಂದೆ ಅಷ್ಟು ಸಣ್ಣಗಾಗಿ ನಿಂತದ್ದು ಕಂಡರೆ ಯಾರಿಗಾದರೂ ಅಯ್ಯೋ ಪಾಪ ಅನ್ನಿಸಬೇಕು. ಮಗಳಿಗೆ ಮಾತ್ರ ಆಗ ಅನ್ನಿಸಲಿಲ್ಲ.

"ಕುದಿಸಿದ್ರ ಎಣ್ಣಿ ಬಿಡ್ತತೇನವ್ವಾ?" ಎಂದು ಮೈಲಪ್ಪ ಮೆಲ್ಲಗೆ ಕೇಳಿದ. ಬಿಡಬಹುದಿತ್ತು, ಕೊಳೆ ಕಟ್ಟಿದ ತಂತಿಗಳನ್ನು ಕುದಿಸುವವರನ್ನು ಅವಳೂ ಮೊಬೈಲಿನಲ್ಲಿ ನೋಡಿದ್ದಳು. ಅವನೇ ಒಲೆ ಹಚ್ಚಿದ. ಸಾರಿನ ಬೋಗುಣಿಯಲ್ಲಿ ನೀರಿಟ್ಟು ಅಡುಗೆ ಸೋಡಾ ಸುರಿದ. ಕುದಿಯುವ ತಂತಿಗಳನ್ನು ಇಕ್ಕಳದಿಂದ ಎತ್ತಿ, ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟಿದ್ದ ಹೊಸ ಟವೆಲ್ಲಿನಿಂದ ಒರೆಸಿ, ಬಿಸಿಲಿಗೆ ಹರವಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಕೀರ್ತನಾ ಮತ್ತೆ ಬಿಗಿದು ಮೀಟಿದಾಗ ಮೂರು ತಂತಿ ಬದುಕಿಕೊಂಡವು. ಎಲ್ಲಕ್ಕಿಂತ ದಪ್ಪನೆಯ ನಾಲ್ಕನೆಯದು ಸುರುಳಿಯೊಳಗೆಲ್ಲ ಎಣ್ಣೆ ಕುಡಿದು ಜಪ್ಪಯ್ಯ ಅಂದರೂ ಠಣ್ ಅನ್ನಲಿಲ್ಲ.

"ಇನ್ನೊಮ್ಮಿ ಕುದಿಸ್ಲೇನು?"

"ಟೈಮಿಲ್ಲ. ಗಾಡಿ ತಗಿ."

ದಾರಿಯುದ್ದಕ್ಕೂ ಕೀರ್ತನಾ ಬೈಕಿನ ಹಿಂದೆ ಗಿಟಾರು ಅಪ್ಪಿಕೊಂಡು ಕೂತಿದ್ದಳು. ಹರಪನಹಳ್ಳಿಯ ಮಹಡಿ ಕೋಣೆಯಲ್ಲಿ ಕ್ರಾಂತಿಕುಮಾರ್ ರಿದಮ್ ಪ್ಯಾಡಿನ ಮುಂದೆ ಕೂತು ತಾಳ ಶುರುಮಾಡಿದರು. ಮೈಲಪ್ಪ ಒಳಗೆ ಬರಲೊಲ್ಲದೆ ಬಾಗಿಲಲ್ಲೇ ನಿಂತ. ಕೀರ್ತನಾ ಮೂರೇ ತಂತಿಗಳ ಮೇಲೆ ಆದಷ್ಟು ಹೊತ್ತು ತಳ್ಳಿದಳು. ಒಂದೊಂದು ಸ್ವರವೂ ಚೊಕ್ಕವಾಗಿ ಮೇಲೆದ್ದು ಬಂತು, ಕ್ರಾಂತಿಕುಮಾರ್ ತಲೆದೂಗಿದರು. ಆದರೆ ಹಾಡು ತಳಕ್ಕೆ ಇಳಿಯಲೇಬೇಕಲ್ಲ, ಇಳಿಯಿತು. ದಪ್ಪ ತಂತಿ ಧಮ್ ಎಂದಿತು. ಬಾಗಿಲಲ್ಲಿ ಮೈಲಪ್ಪ ಕಣ್ಣು ಮುಚ್ಚಿಕೊಂಡ.

ಪ್ಯಾಡು ನಿಂತಿತು. "ಅದೇನು ತಂಗಿ ಅದು? ಠಣ್ ಅನ್ನೋದು ತಾ ಅಂದಿದ್ನಲ್ಲ?"

ನಾಳೆಯೇ ಬದಲಿಸ್ತೀನಿ ಸರ್ ಎಂಬ ಮಾತು ನಾಲಿಗೆ ತುದಿಯಲ್ಲಿತ್ತು. ಹಾಗಂದಿದ್ದರೆ ಜಾಗ ಸಲೀಸಾಗಿ ಉಳಿಯುತ್ತಿತ್ತೇನೋ. ಆದರೆ ಆ ಧಮ್ ಅನ್ನು ಅವಳ ಕಿವಿ ಕೇಳಿಬಿಟ್ಟಿತ್ತು. ಅದು ಬಿದ್ದ ಮೇಲೇ ಉಳಿದ ಮೂರಕ್ಕೂ ನಿಲ್ಲಲು ನೆಲ ಸಿಕ್ಕಿತ್ತು.

"ಅದೊಂದು ಹಂಗ ಇರ್ಲಿ ಸರ್," ಎಂದಳು. "ಮೂರು ಹಾಡ್ಲಿ, ಇದು ತಳ ಹಿಡೀಲಿ. ಇನ್ನೊಮ್ಮಿ ಕೇಳಿ ಹೇಳ್ರಿ. ಬ್ಯಾಡ ಅಂದ್ರ ಎದ್ದು ಹೋಗ್ತೀನಿ."

ಕ್ರಾಂತಿಕುಮಾರ್ ಹುಬ್ಬೇರಿಸಿ ಮತ್ತೆ ತಾಳ ಹಾಕಿದರು. ಈ ಸಲ ಅವಳು ತಪ್ಪಿಸಿಕೊಳ್ಳಲಿಲ್ಲ. ಆವರ್ತಕ್ಕೊಮ್ಮೆ ಬೇಕೆಂದೇ ಕೆಳಗಿಳಿದು ಪ್ಯಾಡಿನ ಪೆಟ್ಟಿನ ಮೇಲೆ ಪೆಟ್ಟಿಟ್ಟಳು. ಕಿಟಕಿಯ ಗಾಜು ಅದುರಿತು. ನಾಲ್ಕು ಸುತ್ತಾದ ಮೇಲೆ ಅವರು ಕೈ ನಿಲ್ಲಿಸಿ, "ಶನಿವಾರ ಕೊಟ್ಟೂರಾಗ ರಿಸೆಪ್ಶನ್ ಐತಿ. ನಾಕು ಗಂಟಿಗೆಲ್ಲಾ ಬಂದ್ಬಿಡು," ಎಂದರು. ಆಮೇಲೆ ಕುತೂಹಲ ತಡೆಯದೆ, "ಯಾರ್ ಹೇಳಿಕೊಟ್ರು ಇದನ್ನ?"

"ನಮ್ಮಪ್ಪ ಹದ ಮಾಡಿದ್ದು ಸರ್."

ಕ್ರಾಂತಿಕುಮಾರ್ ಬಾಗಿಲ ಕಡೆ ತಿರುಗಿದರು. "ಹೌದೇನ್ರೀ ಯಜಮಾನ್ರ? ನಂಗೂ ಒಂದು ಸೆಟ್ ಹಂಗ ಮಾಡಿಕೊಡ್ರಿ ಮತ್ತ. ಏನೇನ್ ಮಾಡ್ಬೇಕು?"

ಮೈಲಪ್ಪ ಹೆಗಲ ಟವೆಲ್ಲು ಸರಿಮಾಡಿಕೊಂಡ.

"ಭಾಳೇನಿಲ್ರಿ. ಒಂದೀಟು ಹರಳೆಣ್ಣಿ ಹಚ್ಚಿ, ಮಗಳ ಕೈಲಿ ಬೈಸ್ಕೋಬೇಕ್ರಿ. ಅಷ್ಟ."

ಕೀರ್ತನಾ ತಲೆ ಬಗ್ಗಿಸಿ, ಸರಿಯಾಗಿಯೇ ಇದ್ದ ಶ್ರುತಿಯನ್ನು ಮತ್ತೆ ಸರಿಮಾಡತೊಡಗಿದಳು.