ಒಂದು ದಿನದ ಕ್ಲಾಸು

ವೇದಿಕೆಯ ಮೇಲೆ ತನಗೂ ಒಂದು ಕುರ್ಚಿ ಹಾಕಿದ್ದಾರೆಂದು ಗೊತ್ತಾದಾಗ ಶಾಂತಕುಮಾರಿ ಸಭಾಂಗಣದ ಬಾಗಿಲಲ್ಲೇ ನಿಂತುಬಿಟ್ಟರು. ಕಳಸದಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಚಿಕ್ಕಮಗಳೂರಿಗೆ ಬಂದದ್ದು ಅದಕ್ಕಾಗಿ ಅಲ್ಲ. "ನಿನ್ ಜೊತೆ ಬೆಂಚಲ್ಲಿ ಕೂತ್ಕೊತೀನಿ ಅಂದ್ಕೊಂಡಿದ್ದೆ ಕಣೆ," ಎಂದು ಪಕ್ಕದಲ್ಲಿದ್ದ ದೀಪಶ್ರೀಗೆ ಮೆಲ್ಲಗೆ ಹೇಳಿದರು. ಅಷ್ಟರಲ್ಲಿ ಚಂದ್ರಶೇಖರ ಮೇಷ್ಟ್ರು ಕೈಮುಗಿಯುತ್ತಾ ಬಂದು ಅವರನ್ನು ಮುಂದೆ ಕರೆದೊಯ್ದರು.

ದೀಪಶ್ರೀ ಆ ಕಾಲೇಜಿನಲ್ಲಿ ಎಂಬಿಎ ಓದುತ್ತಿದ್ದಳು. ಒಂದು ಸೆಮಿಸ್ಟರ್ ಪೂರ್ತಿ ಯಾವುದಾದರೊಂದು ಊರಿನವರ ಜೊತೆಗಿದ್ದು, ಅವರ ಕಸುಬಿಗೆ ಕೈಜೋಡಿಸಿ, ಹಾಗೆ ವ್ಯಾಪಾರ ಕಲಿಯಬೇಕೆಂಬ ಪದ್ಧತಿಯನ್ನು ಚಂದ್ರಶೇಖರ ಮೇಷ್ಟ್ರು ಹೊಸದಾಗಿ ತಂದಿದ್ದರು. ದೀಪಶ್ರೀಯ ಪಾಲಿಗೆ ಬಂದದ್ದು ಕಳಸದಲ್ಲಿ ಹೆಂಗಸರೇ ನಡೆಸುವ ಹಲಸಿನ ಹಪ್ಪಳದ ಸಂಘ. ಅದರ ಅಧ್ಯಕ್ಷೆ ಶಾಂತಕುಮಾರಿಯವರ ಮನೆಯಲ್ಲೇ ಅವಳು ಉಳಿದುಕೊಂಡಳು. ಅವಳು ತರಿಸಿದ ಚೆಂದದ ಪೊಟ್ಟಣದಲ್ಲಿ ಮೊದಲ ಸಲ ಕಳಿಸಿದ ಹಪ್ಪಳವೆಲ್ಲ ಜೀಪಿನ ಕುಲುಕಾಟಕ್ಕೆ ಪುಡಿಯಾಗಿತ್ತು. ಮುಂದಿನ ಸಲ ರಟ್ಟಿನ ಡಬ್ಬಿ ಮಾಡಿಸಿದಳು. ಮೂಡಿಗೆರೆ ಬಸ್ ನಿಲ್ದಾಣದ ಎದುರಿನ ಅಂಗಡಿಯವರನ್ನು ಒಪ್ಪಿಸಿ ಮಾರಾಟಕ್ಕೆ ಇಡಿಸಿದಳು.

ಸಂಜೆ ಹಲಸಿನ ತೊಳೆ ಬಿಡಿಸಲು ಕೂತಾಗ, ಮೇಣ ಅಂಟದಂತೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾ, ಇವತ್ತು ಕ್ಲಾಸಿದ್ದಿದ್ದರೆ ಏನು ಪಾಠ ಆಗುತ್ತಿತ್ತು ಎಂದು ಶಾಂತಕುಮಾರಿ ಕೇಳುತ್ತಿದ್ದರು. ದೀಪಶ್ರೀ ಎರಡು ಮಾತಿನಲ್ಲಿ ಮುಗಿಸಿದರೆ ಬಿಡುತ್ತಿರಲಿಲ್ಲ. ಮೇಷ್ಟ್ರು ಈಗಲೂ ಬೋರ್ಡಿನ ಮೇಲೆ ಬರೆಯುತ್ತಾರಾ, ನಡುವೆ ಪ್ರಶ್ನೆ ಕೇಳಿದರೆ ಬೈಯುತ್ತಾರಾ, ಹಿಂದಿನ ಬೆಂಚಿನವರಿಗೆ ಕೇಳಿಸುತ್ತದಾ, ಎಲ್ಲವೂ ಬೇಕಿತ್ತು ಅವರಿಗೆ. ಅವರೂ ಚಿಕ್ಕಮಗಳೂರಿನಲ್ಲೇ ಬಿಕಾಂ ಎರಡನೇ ವರ್ಷದವರೆಗೆ ಓದಿದವರೆಂದು ದೀಪಶ್ರೀಗೆ ತಿಳಿದದ್ದು ಹಾಗೆ ಮಾತಾಡುತ್ತಲೇ. ಮದುವೆಯಾದ ಮೇಲೆ ಪರೀಕ್ಷೆ ಬರೆಯಲಿ ಎಂದು ಗಂಡನ ಮನೆಯವರೇ ಹೇಳಿದ್ದರಂತೆ. ಕಳಸದಲ್ಲಿ ದೊಡ್ಡ ದಿನಸಿ ಅಂಗಡಿ, ತುಂಬಿದ ಮನೆ. ಆಮೇಲೆ ಯಾರೂ ಬೇಡವೆನ್ನಲಿಲ್ಲ. ಆ ಮಾತು ಮತ್ತೆ ಬರಲಿಲ್ಲ, ಅಷ್ಟೆ.

ಸೆಮಿಸ್ಟರಿನ ಕೊನೆಗೆ ಮೇಷ್ಟ್ರೇ ಕಳಸಕ್ಕೆ ಬಂದರು. ಅಂಗಳದಲ್ಲಿ ಚಾಪೆಯ ಮೇಲೆ ಒಣಗುತ್ತಿದ್ದ ಹಪ್ಪಳ ನೋಡಿದರು, ಹುಡುಗಿಯಿಂದ ನಿಮಗೇನು ಪ್ರಯೋಜನವಾಯಿತೆಂದು ಸಂಘದವರನ್ನು ಒಬ್ಬೊಬ್ಬರಾಗಿ ವಿಚಾರಿಸಿದರು. ಎಲ್ಲರೂ ಅವಳನ್ನು ಹೊಗಳಿದರು. ಮೇಷ್ಟ್ರು ಜೀಪು ಹತ್ತುವಾಗ ಶಾಂತಕುಮಾರಿ ಹತ್ತಿರ ಹೋದರು. ಕೇಳಬೇಕೋ ಬೇಡವೋ ಎಂದು ಬೆಳಗಿನಿಂದ ತೂಗಿಕೊಂಡಿದ್ದ ಮಾತು ಆಗ ಹೊರಗೆ ಬಂತು.

"ಸರ್, ನಿಮ್ಮ ಹುಡುಗಿ ನಮ್ಮಲ್ಲಿ ಬಂದು ಕೂತು ಕಲಿತ್ಲು. ನಾನೂ ಒಂದಿನ ನಿಮ್ಮ ಕ್ಲಾಸಲ್ಲಿ ಬಂದು ಕೂತ್ಕೊಬಹುದಾ?"

ಮೇಷ್ಟ್ರಿಗೆ ಹೃದಯ ತುಂಬಿ ಬಂತು. "ಕೂತ್ಕೊಳ್ಳೋದೇನು ಬಂತಮ್ಮ, ನೀವೇ ಬಂದು ನಮ್ಮ ಮಕ್ಕಳಿಗೆ ಪಾಠ ಹೇಳ್ಬೇಕು," ಎಂದರು.

ಆ ಪಾಠದ ದಿನ ಇದು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ದೀಪಶ್ರೀ ಪರದೆಯ ಮೇಲೆ ಕಳಸದ ಅಂಗಳ, ಒರಳು, ಹಪ್ಪಳ ಒತ್ತುವ ಕೈಗಳನ್ನು ತೋರಿಸುತ್ತಾ ತಾನು ಕಲಿತದ್ದನ್ನು ವಿವರಿಸಿದಳು. ಶಾಂತಕುಮಾರಿಯವರೂ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅನುಭವವಿರುವ ಇಂಥವರಿಗೆ ನಮ್ಮ ಕಾಲೇಜು ಕಲಿಸುವಂಥದ್ದು ಏನೂ ಉಳಿದಿಲ್ಲ ಎಂದು ಪ್ರಿನ್ಸಿಪಾಲರು ಹೇಳಿದಾಗ ಚಪ್ಪಾಳೆ ಇನ್ನೂ ಜೋರಾಯಿತು. ಶಾಂತಕುಮಾರಿ ಮಾತ್ರ ಕೆಳಗಿನ ಸಾಲುಗಳನ್ನೇ ನೋಡುತ್ತಿದ್ದರು. ಅಲ್ಲಿ ಒಬ್ಬಳು ಹುಡುಗಿ ಪಕ್ಕದವಳ ಪೆನ್ನು ಕಸಿದುಕೊಂಡು ಅವಳ ಅಂಗೈಯಲ್ಲಿ ಏನೋ ಬರೆಯುತ್ತಿದ್ದಳು, ಇಬ್ಬರೂ ನಗು ತಡೆಯಲಾರದೆ ತಲೆ ತಗ್ಗಿಸಿದ್ದರು.

ಊಟ ಮುಗಿದ ಮೇಲೆ ಅತಿಥಿಯನ್ನು ಬಸ್ ನಿಲ್ದಾಣಕ್ಕೆ ಬಿಟ್ಟುಬರಲು ದೀಪಶ್ರೀಗೆ ಹೇಳಿದ್ದರು. ಮೆಟ್ಟಿಲಿಳಿದು ಉದ್ದನೆಯ ವರಾಂಡದಲ್ಲಿ ಬರುವಾಗ ತೆರೆದ ಬಾಗಿಲೊಂದರ ಒಳಗೆ ಬಿಕಾಂ ಮಕ್ಕಳಿಗೆ ಪಾಠ ನಡೆಯುತ್ತಿತ್ತು. ಬಳಸದೆ ಇಟ್ಟ ಯಂತ್ರಕ್ಕೂ ವರ್ಷವರ್ಷ ಸವಕಳಿ ಯಾಕೆ ಲೆಕ್ಕ ಹಾಕಬೇಕೆಂದು ಒಬ್ಬ ತರುಣ ಮೇಷ್ಟ್ರು ಬೋರ್ಡಿನ ಮೇಲೆ ಬರೆದು ವಿವರಿಸುತ್ತಿದ್ದರು. ಶಾಂತಕುಮಾರಿ ನಿಂತರು.

"ಅಕ್ಕಾ, ಕಳಸದ ಬಸ್ಸು ಹೊರಡೋ ಹೊತ್ತಾಯ್ತು. ಇದು ತಪ್ಪಿದ್ರೆ ಮೂಡಿಗೆರೇಲಿ ಇಳಿದು ಬೇರೆ ಹಿಡೀಬೇಕು," ಎಂದಳು ದೀಪಶ್ರೀ.

"ಹಿಡಿದರಾಯ್ತು ಬಿಡು."

ದೀಪಶ್ರೀಯೂ ಅವರ ಪಕ್ಕದಲ್ಲಿ ನಿಂತಳು. ಇಡೀ ಸೆಮಿಸ್ಟರ್ ಒಂದೇ ಮನೆಯಲ್ಲಿ ಉಂಡು ಮಲಗಿ, ಸಂಘಕ್ಕೆ ಏನೇನು ಬೇಕೆಂದು ಎಲ್ಲರನ್ನೂ ಕೇಳಿದ್ದಳು. ಈ ಹೆಂಗಸಿಗೆ ಏನು ಬೇಕೆಂದು ಒಮ್ಮೆಯೂ ಕೇಳಿರಲಿಲ್ಲ.

ಬಾಗಿಲಲ್ಲಿ ನೆರಳು ಕಂಡು ಒಳಗಿದ್ದ ಮೇಷ್ಟ್ರು ಪಾಠ ನಿಲ್ಲಿಸಿದರು. ಮಕ್ಕಳೆಲ್ಲ ತಿರುಗಿ ನೋಡಿದರು.

"ಮಗಳನ್ನ ನೋಡ್ಬೇಕಿತ್ತಾ ಅಮ್ಮ?" ಎಂದು ಅವರು ಮರ್ಯಾದೆಯಿಂದಲೇ ಕೇಳಿದರು.

ದೀಪಶ್ರೀ ಉತ್ತರಿಸಲು ಬಾಯಿ ತೆರೆದಳು. ಶಾಂತಕುಮಾರಿ ಅವಳ ಕೈ ಒತ್ತಿ ಹಿಡಿದರು.

"ಯಾರನ್ನೂ ಇಲ್ಲ ಸರ್. ನೀವು ಪಾಠ ಮಾಡಿ."

ಮೇಷ್ಟ್ರು ತಲೆಯಾಡಿಸಿದರು. ಹೊರಗಿನ ಓಡಾಟದಿಂದ ಮಕ್ಕಳ ಗಮನ ಕೆಡಬಾರದೆಂದು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದರು. ಶಾಂತಕುಮಾರಿ ಕಿಟಕಿಯ ಕಡೆಗೆ ಸರಿದು ನಿಂತುಕೊಂಡರು.