ಭಾವನ ದನಿ

“ಎಂಜಿನ್ ಸುಮ್ನೆ ಓಡ್ಬಾರ್ದು ಕಣಯ್ಯಾ, ಪೆಟ್ರೋಲೇನು ನಲ್ಲೀಲಿ ಬರುತ್ತಾ?” ಕೊರಿಯರಿನವನು ತನ್ನ ಅಕ್ಕನ ಗಂಡನ ಕೀರಲು ದನಿ ತೆಗೆದಿದ್ದೇ ತಡ, ಕಚೇರಿಯವರೆಲ್ಲ ಬಿದ್ದು ಬಿದ್ದು ನಕ್ಕರು. ಸಿಗ್ನಲ್ ಬಂದಾಗಲೆಲ್ಲ ಕೀಲಿ ತಿರುಗಿಸಿ ಕಾರು ಆರಿಸುವ ಜಿಪುಣ ಬೆರಳುಗಳನ್ನೂ ಅವನು ಅಣಕಿಸದೆ ಬಿಡಲಿಲ್ಲ.

ನಗು ತಟ್ಟನೆ ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಭಾವ. ಇವನ ಎಲೆಕ್ಟ್ರಿಕ್ ಬೈಕಿನ ಬ್ಯಾಟರಿಯನ್ನು ಕೂಸಿನಂತೆ ಎದೆಗವಚಿಕೊಂಡಿದ್ದರು. ಅಂಗಿ ಬೆವರಿಗೆ ಮೈಗಂಟಿತ್ತು.

“ಬ್ಯಾಟರಿ ಖಾಲಿಯಾಗಿದೆ, ಇಲ್ಲಿ ಕರೆಂಟೂ ಇಲ್ಲ ಅಂತ ಫೋನ್ ಮಾಡಿದ್ಯಲ್ಲ. ಕೆಳಗೆ ನಿನ್ ಬೈಕಿಂದ ಬಿಚ್ಚಿ ನನ್ ಕಾರಿಗೇ ಸಿಕ್ಕಿಸಿ, ಎರಡು ಗಂಟೆ ಎಂಜಿನ್ ಓಡಿಸ್ಕೊಂಡು ಕೂತಿದ್ದೆ. ಚಾರ್ಜ್ ಕಮ್ಮಿಯಾದೀತು ಅಂತ ಎಸಿ ಹಾಕ್ಲಿಲ್ಲ.” ಬ್ಯಾಟರಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. “ಉಳಿದ ಪಾರ್ಸಲ್ ಮುಟ್ಟಿಸಬಹುದು. ನನ್ ದನಿ ಅಷ್ಟೊಂದು ಕೀರಲಾ?”

ಇಲ್ಲ ಭಾವ ಎನ್ನಲು ಅವನು ಬಾಯಿ ತೆರೆದ. ಗಂಟಲಿನಿಂದ ಹೊರಟಿದ್ದು ಅದೇ ಕೀರಲು ದನಿ.